ಮುರಿದ ಸ್ಟಡ್ ತೆಗೆಯಲು ಈಜಿ-ಔಟ್ ಕೊಳ್ಳಬೇಡಿ

ಸೈಲೆನ್ಸರ್ ಬಿಚ್ಚುವಾಗ ಸಿಲಿಂಡರ್ ಹೆಡ್‌ನ ಸ್ಟಡ್ (ತಲೆಯಿಲ್ಲದ ಬೋಲ್ಟ್) ಮುರಿದು ಒಳಗೇ ಉಳಿದಿದೆ, ಅದರಲ್ಲಿ ತೂತು ಕೊರೆದು, ಕಚ್ಚಿಸಿ ತಿರುಗಿಸಿ ತೆಗೆಯುವ ಈಜಿ-ಔಟ್ ಎಂಬ ಉಪಕರಣದ ಯಾವ ಸೆಟ್ ಒಳ್ಳೆಯದು ಎಂದು ಕೇಳಿದ್ದೀರಿ. ಯಾವುದನ್ನೂ ಕೊಳ್ಳಬೇಡಿ. ನನ್ನ ಹಳೆಯ 100 ಸಿಸಿ ಬೈಕಿನಲ್ಲಿ ಇದೇ ಜಾಗದ 6 ಮಿ.ಮೀ. ಸ್ಟಡ್ ಮುರಿದಾಗ ನಾನೂ ಇದೇ ಪ್ರಶ್ನೆಯನ್ನು ಹಿಡಿದು ಅಂಗಡಿಗೆ ಹೋಗಿದ್ದೆ.

ಸ್ಟಡ್‌ನ ನಡುವೆ ಪಂಚ್ ಹೊಡೆದು, 3 ಮಿ.ಮೀ. ತೂತು ಕೊರೆದು, ಈಜಿ-ಔಟ್ ಇಳಿಸಿ ತಿರುಗಿಸಿದೆ. ಸ್ವಲ್ಪ ತಿರುಗಿದಂತೆ ಕೈಗೆ ಅನ್ನಿಸಿತು. ಆದರೆ ತಿರುಗಿದ್ದು ಸ್ಟಡ್ ಅಲ್ಲ, ಉಪಕರಣವೇ ತಿರುಚಿಕೊಳ್ಳುತ್ತಿತ್ತು. ಮರುಕ್ಷಣ ಅದು ತೂತಿನೊಳಗೇ ಮುರಿಯಿತು. ಹಾಗಾಗದೆ ಇರುವುದು ಸಾಧ್ಯವೇ ಇರಲಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ತಿರುಚುವ ಬಲವನ್ನು ತಾಳುವ ಶಕ್ತಿ ಸರಳಿನ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಅರ್ಧವಾದರೆ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ತುಕ್ಕಿನ ಹಿಡಿತವನ್ನು ಬಿಡಿಸಲಾಗದೆ 6 ಮಿ.ಮೀ. ಸ್ಟಡ್ಡೇ ಮುರಿದಿರುವಾಗ, ಎಷ್ಟೇ ಗಟ್ಟಿ ಉಕ್ಕಿನದಾದರೂ 3 ಮಿ.ಮೀ. ಉಪಕರಣ ಅದನ್ನು ಬಿಡಿಸೀತೆಂದು ನಂಬುವುದು ಹೇಗೆ? ಜೊತೆಗೆ ಅದರ ತುದಿ ಮೊನಚಾಗಿರುವುದರಿಂದ, ಒಳಗಿಳಿದಷ್ಟೂ ಬೆಣೆಯಂತೆ ಸ್ಟಡ್ಡನ್ನು ಅಗಲಿಸಿ ಥ್ರೆಡ್‌ಗೆ ಇನ್ನಷ್ಟು ಒತ್ತುತ್ತದೆ. ತುಕ್ಕು ಹಿಡಿಯದೆ, ಅತಿಯಾಗಿ ಬಿಗಿದದ್ದರಿಂದ ತಲೆ ಮಾತ್ರ ಕಿತ್ತುಹೋದ ಬೋಲ್ಟ್‌ಗೆ ಈಜಿ-ಔಟ್ ಸರಿ. ಸೈಲೆನ್ಸರ್‌ನ ಬಿಸಿ ತಿಂದ ಸ್ಟಡ್‌ಗೆ ಖಂಡಿತ ಅಲ್ಲ.

ಮುರಿದ ಈಜಿ-ಔಟ್ ಸಾಮಾನ್ಯ ಡ್ರಿಲ್ ಬಿಟ್‌ಗೆ ಜಗ್ಗುವುದಿಲ್ಲ. ನನ್ನ ಬಿಟ್ ಅದರ ಮೇಲೆ ಜಾರಿ, ಪಕ್ಕದ ಹೆಡ್‌ನ ಮೆತ್ತನೆಯ ಅಲ್ಯೂಮಿನಿಯಮ್ ಅನ್ನು ಕೊರೆಯಿತು. ಕೊನೆಗೆ ಹೆಡ್ ಬಿಚ್ಚಿ ಪೀಣ್ಯದ ಸ್ಪಾರ್ಕ್ ಎರೋಷನ್ ಅಂಗಡಿಗೆ ಒಯ್ದೆ. ಅಲ್ಲಿ ತಾಮ್ರದ ಎಲೆಕ್ಟ್ರೋಡ್ ಎಣ್ಣೆಯೊಳಗೆ ಕಿಡಿ ಹಾರಿಸಿ, ಎಷ್ಟೇ ಗಡಸು ಲೋಹವಾದರೂ ಸವೆಸಿ ತೆಗೆಯುತ್ತದೆ. ತುಂಡು ಹೊರಬಂತು, ಆದರೆ ನಾನು ಕೆಡಿಸಿದ್ದ ಥ್ರೆಡ್‌ಗೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿಯ ಸುರುಳಿ) ಹಾಕಿಸಬೇಕಾಯಿತು. ಆ ಹಣಕ್ಕೆ ಬಳಸಿದ ಹೆಡ್ ಒಂದು ಬರುತ್ತಿತ್ತು.

ನೀವು ಇನ್ನೂ ತೂತು ಕೊರೆದಿಲ್ಲವಾದ್ದರಿಂದ ನೇರವಾಗಿ ಒಳ್ಳೆಯ ವೆಲ್ಡರ್ ಬಳಿ ಹೋಗಿ. ಮುರಿದ ಸ್ಟಡ್‌ನ ಮೇಲೆ ನಟ್ ಇಟ್ಟು, ಅದರ ನಡುವಿನಿಂದ ಮಿಗ್ ವೆಲ್ಡ್ ತುಂಬಿಸಲು ಹೇಳಿ. ಸ್ಟಡ್ ಮೇಲ್ಮೈಯ ಮಟ್ಟಕ್ಕೇ ಮುರಿದಿದ್ದರೆ, ಮೊದಲು ಅದರ ಮೇಲೆ ವೆಲ್ಡ್‌ನ ಗುಬುಟು ಕಟ್ಟಿಸಿ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಮ್‌ಗೆ ಸರಿಯಾಗಿ ಬೆಸೆದುಕೊಳ್ಳುವುದಿಲ್ಲ, ಹಾಗಾಗಿ ಅದು ಹಿಡಿಯುವುದು ಸ್ಟಡ್ಡನ್ನೇ, ಹೆಡ್ಡನ್ನಲ್ಲ. ಸ್ಟಡ್ ಕಾದು ಹಿಗ್ಗಿ, ಆರುವಾಗ ಕುಗ್ಗಿ, ತುಕ್ಕಿನ ಹಿಡಿತ ಒಡೆಯುತ್ತದೆ. ಕೆಂಪು ಆರಿದ ಮೇಲೆ, ಬಿಸಿ ಇರುವಾಗಲೇ ಮೇಣದ ಬತ್ತಿ ತಾಗಿಸಿ. ಕರಗಿದ ಮೇಣ ಥ್ರೆಡ್‌ನೊಳಗೆ ಇಳಿಯುತ್ತದೆ. ಬಳಿಕ ಸ್ಪ್ಯಾನರ್‌ನಿಂದ ಒಂದೇ ದಿಕ್ಕಿಗೆ ಎಳೆಯದೆ, ಹಿಂದೆ ಮುಂದೆ ಆಡಿಸುತ್ತಾ ಬಿಡಿಸಬೇಕು. ನಟ್ ಕಿತ್ತುಬಂದರೆ ಇನ್ನೊಂದನ್ನು ಬೆಸೆಯಲಿ. ಪ್ರತಿ ಸಲದ ಕಾವೂ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತದೆ. ಹೆಡ್ ಬೈಕಿನಲ್ಲೇ ಇದ್ದರೆ, ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ಸಂಪರ್ಕವನ್ನು ತಪ್ಪದೆ ಬಿಡಿಸಿ.

ಪಟಿಕದ ಬಿಸಿ ದ್ರಾವಣದಲ್ಲಿ ಹೆಡ್ ಮುಳುಗಿಸಿದರೆ ಉಕ್ಕು ಕರಗುತ್ತದೆ ಎಂದು ಯಾರಾದರೂ ಸಲಹೆ ಕೊಡಬಹುದು. ಕರಗುವುದು ನಿಜ, ಆದರೆ ಹೆಡ್‌ನಲ್ಲಿ ವಾಲ್ವ್ ಕೂರುವ ಉಂಗುರಗಳು, ಅಂದರೆ ವಾಲ್ವ್ ಸೀಟುಗಳೂ ಸಾಮಾನ್ಯವಾಗಿ ಕಬ್ಬಿಣದ ಜಾತಿಯವೇ, ಅವನ್ನೂ ಅದು ತಿನ್ನುತ್ತದೆ.

ಹೊಸ ಸ್ಟಡ್ ಹಾಕುವಾಗ ಥ್ರೆಡ್‌ಗೆ ತಾಮ್ರದ ಆಂಟಿ-ಸೀಜ್ (ಮತ್ತೆ ಹಿಡಿದುಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿ. ಸೈಲೆನ್ಸರ್ ಹಿಡಿದಿರುವ ಎರಡನೇ ಸ್ಟಡ್ಡನ್ನೂ, ಅದು ಗಟ್ಟಿಯಾಗಿ ಕಂಡರೂ, ಹೆಡ್ ಬೆಚ್ಚಗಿರುವಾಗ ಅದೇ ವೆಲ್ಡರ್ ಕೈಯಲ್ಲಿ ತೆಗೆಸಿ ಬದಲಾಯಿಸಿಬಿಡಿ.