ದಸರಾದಲ್ಲಿ ಪೊಲೀಸರು ಹಾರಿಸುವ ಡ್ರೋನ್‌ಗೆ ನಿಯಮ ಇಲ್ವಾ? ಎಐ ಕ್ಯಾಮೆರಾ ನಮ್ಮ ಮುಖ ಹಿಡಿದರೆ?

ಇದೆ. ಆದರೆ ಹಾರಾಟಕ್ಕೆ ಇರುವಷ್ಟು ಬಿಗಿ ನಿಯಮ ವಿಡಿಯೋಗೆ ಇಲ್ಲ.

ವಿಮಾನಯಾನ ಕೇಂದ್ರದ ವಿಷಯ, ಪೊಲೀಸ್ ರಾಜ್ಯದ್ದು. ಹಾಗಾಗಿ ಡ್ರೋನ್ ಎಲ್ಲಿ, ಎಷ್ಟು ಎತ್ತರ ಹಾರಬೇಕು ಅನ್ನೋದನ್ನು ಕೇಂದ್ರದ 2021ರ ಡ್ರೋನ್ ನಿಯಮಗಳು ಹೇಳುತ್ತವೆ. ಅದರಿಂದ ಹೊರಗಿಟ್ಟಿರುವುದು ಭೂಸೇನೆ, ನೌಕಾಪಡೆ, ವಾಯುಪಡೆಯನ್ನು. ರಾಜ್ಯದ ಪೊಲೀಸರನ್ನಲ್ಲ.

ರಾಜ್ಯದ ಕೈಯಲ್ಲೂ ಒಂದು ಅಧಿಕಾರ ಇದೆ. ತುರ್ತಾದರೆ ಒಂದು ಜಾಗವನ್ನು ತಾತ್ಕಾಲಿಕ ರೆಡ್ ಝೋನ್ (ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲದ ಜಾಗ) ಮಾಡಬಹುದು, ಒಂದು ಸಲಕ್ಕೆ ಹೆಚ್ಚೆಂದರೆ 96 ಗಂಟೆ. ಜಂಬೂಸವಾರಿ ದಿನ ಅಂಬಾರಿಯನ್ನು ಮೇಲಿಂದ ಶೂಟ್ ಮಾಡೋಣ ಅಂತ ಸುಮ್ನೆ ಡ್ರೋನ್ ಎತ್ತಿಕೊಂಡು ಹೋಗಬೇಡಿ.

ಈಗ ವಿಡಿಯೋ ವಿಚಾರ. ಮಂಡ್ಯ ಕಡೆಯ ಹಳ್ಳಿಗಳಲ್ಲಿ ಮನೆ ಜಾಗಕ್ಕೆ ಆಸ್ತಿ ದಾಖಲೆ ಕೊಡಲು ಮಾಡುವ ಸ್ವಾಮಿತ್ವ ಸರ್ವೆ ನೋಡಿದ್ದರೆ ಗೊತ್ತಿರುತ್ತೆ: ಮನೆ ಜಾಗದ ಸುತ್ತ ಸುಣ್ಣದ ಗೆರೆ ಎಳೀತಾರೆ, ಡ್ರೋನ್ ಬಂದು ಫೋಟೋ ತೆಗೆಯುತ್ತೆ. ಗೆರೆ ಕಣ್ಣಿಗೆ ಕಾಣುತ್ತೆ, ತಪ್ಪಿದ್ದರೆ ತಕರಾರು ಹೇಳಬಹುದು. ಜನಜಂಗುಳಿ ಮೇಲೆ ಹಾರುವ ಕ್ಯಾಮೆರಾದಲ್ಲಿ ಆ ಅನುಕೂಲ ಎಲ್ಲಿದೆ? ಎಐ ನಿಮ್ಮನ್ನು ಬೇರೆ ಯಾರೋ ಅಂದುಕೊಂಡರೆ ನಿಮಗೆ ಗೊತ್ತೇ ಆಗಲ್ಲ.

ಎಐಗೆಂದೇ ಪ್ರತ್ಯೇಕ ಕಾಯ್ದೆ ಈವರೆಗೆ ಬಂದಿಲ್ಲ. 2023ರ ಡೇಟಾ ರಕ್ಷಣಾ ಕಾಯ್ದೆ ಇದೆ, ಆದರೆ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಲ್ಲಿ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅದರಲ್ಲೇ ದಾರಿ ಇದೆ. ನನಗೆ ಇದೇ ಜಾಸ್ತಿ ಚಿಂತೆ. ಉಳಿದಿರುವುದು 2017ರ ಪುಟ್ಟಸ್ವಾಮಿ ತೀರ್ಪು. ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ, ನಮ್ಮವರೇ ಅಲ್ವಾ! ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಸರ್ಕಾರ ಅದಕ್ಕೆ ಕೈ ಹಾಕಬೇಕಾದರೆ ಕಾನೂನಿನ ಬಲ ಬೇಕು, ಸರಿಯಾದ ಉದ್ದೇಶ ಬೇಕು, ಅಳತೆ ಮೀರಬಾರದು.

ವಿಡಿಯೋ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಮುಖ ಗುರುತಿಸುವ ಸಾಫ್ಟ್‌ವೇರ್ ಬಳಸುತ್ತಾರಾ ಅಂತ ಆರ್‌ಟಿಐ ಅರ್ಜಿ ಹಾಕಿ ಕೇಳಬಹುದು. ಶುಲ್ಕ 10 ರೂಪಾಯಿ.