ಅಂಚೆ ತಡವಾಗುವುದು ಹಳಿಯ ಮೇಲಲ್ಲ

ಪ್ರಶ್ನೆ: ರೈಲಿನಲ್ಲಿ ಸಾಗುವ ಅಂಚೆ ಬೇಗನೆ, ಹೊತ್ತಿಗೆ ಸರಿಯಾಗಿ ತಲುಪಬೇಕಾದರೆ ರೈಲಿನ ವೇಗವನ್ನು ಹೆಚ್ಚಿಸಿದರೆ ಸಾಲದೇ?

ಉತ್ತರ: ಸಾಲದು. ಅಂಚೆ ಚೀಲ ಕಳೆದುಕೊಳ್ಳುವ ಸಮಯದ ದೊಡ್ಡ ಪಾಲು ಓಟದಲ್ಲಿ ಹೋಗುವುದಿಲ್ಲ, ನಿಲ್ದಾಣದಲ್ಲಿ ಹೋಗುತ್ತದೆ. ಹತ್ತು ನಿಮಿಷ ತಡವಾಗಿ ಬಂದ ರೈಲಿನಿಂದ ಇಳಿದ ಚೀಲಕ್ಕೆ ಮುಂದಿನ ರೈಲು ತಪ್ಪಿದರೆ, ಆ ಹತ್ತು ನಿಮಿಷವೇ ಒಂದು ಇಡೀ ದಿನವಾಗಿಬಿಡುತ್ತದೆ.

ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಬ್ರಿಟನ್ನಿನಲ್ಲಿ 1838ರಲ್ಲೇ ಓಡುವ ಬೋಗಿಯೊಳಗೆ ಪತ್ರಗಳನ್ನು ವಿಂಗಡಿಸುವ ಪದ್ಧತಿ ಆರಂಭವಾಯಿತು. ಪ್ರಯಾಣದ ಸಮಯವೇ ಕೆಲಸದ ಸಮಯವಾಯಿತು. ರೈಲು ನಿಲ್ಲದೆಯೇ ಹಳಿಯ ಬದಿಯ ಕಂಬದಿಂದ ಚೀಲವನ್ನು ಬಲೆಯಲ್ಲಿ ಹಿಡಿಯುವ ಸಾಧನವೂ ಬಂದು, ಅಲ್ಲಿ 1971ರವರೆಗೂ ಬಳಕೆಯಲ್ಲಿತ್ತು. (ಇಂದು ನೋಡಿದರೆ ಸರ್ಕಸ್ಸಿನಂತೆ ಕಾಣುತ್ತದೆ, ಆದರೆ ಲೆಕ್ಕಾಚಾರ ಸರಿಯಾಗಿತ್ತು.) ಫ್ರಾನ್ಸ್ 1984ರಿಂದ 2015ರವರೆಗೆ ಗಂಟೆಗೆ 270 ಕಿಲೋಮೀಟರ್ ವೇಗದ ಅಂಚೆ ರೈಲುಗಳನ್ನೇ ಓಡಿಸಿತು, ಪತ್ರಗಳ ಸಂಖ್ಯೆ ಕುಸಿದಾಗ ಆ ವೇಗವೂ ಅವುಗಳನ್ನು ಉಳಿಸಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಮೊದಲು ಬದಲಾಗಬೇಕಾದದ್ದು ಪ್ಲಾಟ್‌ಫಾರ್ಮಿನ ಕೆಲಸ. ಚೀಲಗಳನ್ನು ಒಂದೊಂದಾಗಿ ಎಸೆಯುವ ಬದಲು ಚಕ್ರದ ಪಂಜರಗಳಲ್ಲಿ ತುಂಬಿ ಒಟ್ಟಿಗೆ ಉರುಳಿಸಬೇಕು, ಮೊದಲು ಇಳಿಯಬೇಕಾದದ್ದನ್ನು ಬಾಗಿಲ ಬಳಿ ಇಡಬೇಕು, ಚೀಲ ಇಳಿಸುವ ರೈಲಿಗೂ ಅದನ್ನು ಮುಂದಕ್ಕೆ ಒಯ್ಯುವ ರೈಲಿಗೂ ನಡುವೆ ತಡವನ್ನು ನುಂಗುವಷ್ಟು ಬಿಡುವು ಇರಬೇಕು. ಜೊತೆಗೆ, ರೈಲು ಎಷ್ಟು ಗಂಟೆಗೆ ಬಂತು ಎಂಬುದನ್ನು ಅಳೆಯುವುದಕ್ಕಿಂತ, ಪ್ರತಿ ಹಸ್ತಾಂತರದಲ್ಲೂ ಬಾರ್‌ಕೋಡ್ ಓದಿ ಚೀಲ ಎಷ್ಟು ಗಂಟೆಗೆ ಕೈ ಸೇರಿತು ಎಂಬುದನ್ನು ಅಳೆದರೆ, ತಡವಾಗುತ್ತಿರುವುದು ಎಲ್ಲಿ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.