ದಿನಕ್ಕೆ ಎಷ್ಟು ಲೋಟ ಟೀ?

ಅವಳನ್ನು ಸುಮಾ ಅನ್ನೋಣ. ಗುರುತು ಸಿಗದಿರಲಿ ಎಂದು ಹೆಸರು, ಕೆಲವು ವಿವರ ಬದಲಿಸಿದ್ದೇನೆ. 24 ವರ್ಷ, ದಾವಣಗೆರೆ ಕಡೆಯವಳು. ಬಿ.ಕಾಂ. ಮುಗಿಸಿ, ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಡೇಟಾ ಅನಾಲಿಟಿಕ್ಸ್ ಕೋರ್ಸ್ ಮಾಡಿದ್ದಳು. ಸಲಹೆಗೆಂದು ನನ್ನ ಹತ್ತಿರ ಬರುವ ಹೊತ್ತಿಗೆ ಏಳು ಕಂಪನಿಗಳ ಇಂಟರ್‌ವ್ಯೂ ಆಗಿತ್ತು.

ಕೈಯಲ್ಲೊಂದು ನೋಟ್‌ಬುಕ್ ಇತ್ತು. ಕಂಪನಿಗೊಂದು ಪುಟ. ಪ್ರತಿ ಪುಟದಲ್ಲೂ ಕೆಂಪು ಪೆನ್ನಿನಲ್ಲಿ 'ನನ್ನ ತಪ್ಪು' ಎಂದು ಬರೆದು, ಕೆಳಗೆ ಉದ್ದ ಪಟ್ಟಿ. ಐದು ಕಂಪನಿಗಳಿಂದ ಉತ್ತರವೇ ಬಂದಿರಲಿಲ್ಲ. ಅದಕ್ಕೂ ಇವಳೇ ಕಾರಣ ಬರೆದುಕೊಂಡಿದ್ದಳು: 'ಇಂಗ್ಲಿಷ್ ಸರಿಯಿಲ್ಲ', 'ಮುಖ ಡಲ್ ಆಗಿತ್ತು'. ಓದಿ ನನಗೆ ಸಂಕಟವಾಯಿತು. ರಾತ್ರಿ ಮೂರಕ್ಕೆ ಎದ್ದು ಮೇಲ್ ನೋಡುತ್ತಾಳಂತೆ.

ಓದಿನಲ್ಲಿ ಕೊರತೆ ಇರಲಿಲ್ಲ. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯುಎಲ್‌ನ ಟೆಸ್ಟ್ ದಾಟುತ್ತಿದ್ದಳು. ಎಡಗಡೆಯ ಗ್ರಾಹಕರನ್ನೆಲ್ಲ ಉಳಿಸಿಕೊಂಡು ಬಲಗಡೆಯ ಆರ್ಡರ್‌ಗಳನ್ನು ಜೋಡಿಸುವ ಲೆಫ್ಟ್ ಜಾಯಿನ್ ಮಾಡಿದ ಮೇಲೆ, ಬಲಗಡೆ ಟೇಬಲ್ಲಿನ ಮೊತ್ತ 500ಕ್ಕಿಂತ ಜಾಸ್ತಿ ಇರಬೇಕು ಎಂದು, ಸಾಲುಗಳನ್ನು ಸೋಸುವ ವೇರ್‌ನಲ್ಲಿ ಹಾಕಿದರೆ, ಆರ್ಡರ್ ಮಾಡದ ಗ್ರಾಹಕರೆಲ್ಲ ಉದುರಿಹೋಗುತ್ತಾರೆ ಅಂತ ನನಗೇ ತಿಳಿಸಿಕೊಟ್ಟಳು. ಬಾಯಿ ಕಟ್ಟುತ್ತಿದ್ದುದು ಆಮೇಲಿನ ಅಂದಾಜಿನ ಪ್ರಶ್ನೆಯಲ್ಲಿ. "ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಲೋಟ ಟೀ ಮಾರಾಟವಾಗುತ್ತೆ?" ಅಂತ ಕೇಳಿದ್ದರು. ಕೇಳಿದವರು ಕ್ಯಾಮೆರಾ ಆಫ್ ಮಾಡಿಕೊಂಡಿದ್ದರು. ಇವಳು ಒಂದು ನಿಮಿಷ ಸುಮ್ಮನಿದ್ದು, ಗೊತ್ತಿಲ್ಲ ಸರ್ ಅಂದಳು.

ಅವರಪ್ಪನದು ಬಸ್ ಸ್ಟ್ಯಾಂಡ್ ಹತ್ತಿರ ಟೀ ಅಂಗಡಿ.

"ನೋಡಮ್ಮ, ಅಪ್ಪ ದಿನಾ ಎಷ್ಟು ಹಾಲು ತರ್ತಾರೆ?" ಅಂತ ಕೇಳಿದೆ.

"20 ಲೀಟರ್ ಮೇಡಂ. 10 ಲೀಟರ್ ನೀರು ಸೇರುತ್ತೆ. ಲೋಟ 100 ಎಂಎಲ್. 300 ಲೋಟ ಆಗುತ್ತೆ."

ಪೆನ್ನು ಕೊಟ್ಟೆ. ಬೆಂಗಳೂರಿನ ಪಾಲಿಕೆ ವ್ಯಾಪ್ತಿಯಲ್ಲಿ 2011ರ ಜನಗಣತಿಯಲ್ಲಿ ಸುಮಾರು 84 ಲಕ್ಷ ಜನ, ಈಗ 1.2 ಕೋಟಿ ಅಂತಿಟ್ಟುಕೊಂಡಳು. ನಾಲ್ಕು ಜನರಲ್ಲಿ ಒಬ್ಬರು ಹೊರಗೆ ಕುಡಿಯುತ್ತಾರೆ, ದಿನಕ್ಕೆ ಎರಡು ಲೋಟ. 60 ಲಕ್ಷ ಲೋಟ. ಅಂಗಡಿಗೆ 300ರಂತೆ 20,000 ಅಂಗಡಿ, ಅಂದರೆ 600 ಜನಕ್ಕೆ ಒಂದು. "ಇರಬಹುದು ಮೇಡಂ, ನಮ್ಮ ಪಿಜಿ ರಸ್ತೆಯಲ್ಲೇ ಮೂರಿವೆ" ಅಂದಳು. ತನ್ನ ಲೆಕ್ಕವನ್ನು ತಾನೇ ಇನ್ನೊಂದು ಕಡೆಯಿಂದ ತಾಳೆ ನೋಡಿದ್ದಳು. ಇಂಟರ್‌ವ್ಯೂ ಮಾಡುವವರಿಗೆ ಕೇಳಿಸಬೇಕಾದದ್ದು ಇದೇ. 60 ಲಕ್ಷ ಸರಿಯೋ ತಪ್ಪೋ, ಅವರಿಗೂ ಗೊತ್ತಿರಲ್ಲ.

ಮನಸ್ಸಿನಲ್ಲಿ ಲೆಕ್ಕ ಹಾಕಿ ಕೊನೆಗೆ ಉತ್ತರ ಹೇಳೋದನ್ನು ಬಿಡು ಅಂದೆ. ಮೊದಲು ಎರಡು ಪ್ರಶ್ನೆ ಕೇಳು: ಮನೆಯ ಟೀ ಸೇರಿಸಬೇಕಾ, ಆಫೀಸ್ ಮೆಷಿನ್ನಿನದು ಲೆಕ್ಕಕ್ಕಾ? ಯೋಚಿಸಲು ಒಂದು ನಿಮಿಷ ಬೇಕು ಎಂದು ಬಾಯಿಬಿಟ್ಟು ಹೇಳು. ದಿನಾ ಒಂದು ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಜೋರಾಗಿ ಬಿಡಿಸು, ಆಮೇಲೆ ಇಂಗ್ಲಿಷಿನಲ್ಲಿ. ಭಾಷೆಯ ಭಯ ಮತ್ತು ಲೆಕ್ಕದ ಭಯ ಎರಡೂ ಒಟ್ಟಿಗೆ ಮೇಲೆ ಬಿದ್ದರೆ ಯಾರಿಗಾದರೂ ಕಷ್ಟವೇ ಅಲ್ವಾ?

ಉತ್ತರ ಬಾರದ ಕಂಪನಿಗೆ ವಾರ ಬಿಟ್ಟು ಒಂದು ಮೇಲ್, ಇನ್ನೊಂದು ವಾರಕ್ಕೆ ಮತ್ತೊಂದು. ಆಮೇಲೆ ಆ ಪುಟ ಮುಚ್ಚಬೇಕು. ಹುದ್ದೆಯೇ ರದ್ದಾಗಿರಬಹುದು, ಒಳಗಿನವರಿಗೆ ಕೊಟ್ಟಿರಬಹುದು. ಗೊತ್ತಿಲ್ಲದ ಕಾರಣಕ್ಕೆ ತನ್ನ ಹೆಸರು ಬರೆದುಕೊಳ್ಳಬಾರದು. ಹುಡುಗರನ್ನು ಕಾಯಿಸಿ ಸುಮ್ಮನಾಗುವುದು ಕ್ರೂರ ಪದ್ಧತಿ ಎಂದೇ ನನ್ನ ಅಭಿಪ್ರಾಯ. ಎರಡು ಸಾಲಿನ ಮೇಲ್‌ಗೆ ಎಷ್ಟು ಹೊತ್ತು ಬೇಕು?

ರಾತ್ರಿ ಫೋನು ಹಾಸಿಗೆಯಿಂದ ದೂರ ಇಡಲು ಹೇಳಿದೆ. ಎರಡು ವಾರದಲ್ಲೂ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ನೋಡಬೇಕು. ನಡುರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ತಿಂಗಳ ನಂತರ ಬಂದಳು. ಎಂಟನೇ ಕಂಪನಿಯೂ ಬೇಡ ಅಂದಿತ್ತು. ಆ ಪುಟದಲ್ಲಿ ಕೆಂಪು ಅಕ್ಷರ ಇರಲಿಲ್ಲ. 'ಪೆಟ್ರೋಲ್ ಬಂಕ್ ಪ್ರಶ್ನೆ. 9 ನಿಮಿಷ ಮಾತಾಡಿದೆ' ಎಂದಷ್ಟೇ ಬರೆದಿದ್ದಳು. ಮುಂದಿನ ಇಂಟರ್‌ವ್ಯೂ ಮಂಗಳವಾರ ಇದೆ.